ಹನುಮವ್ವನ ಹಣೆಗೆ ನಾನಿಟ್ಟ ಕುಂಕುಮ

ಕ್ಯಾಮೆರಾದ ಸ್ಕ್ರೀನ್ ನೋಡಿದ್ದೇ ತಡ, ಹನುಮವ್ವ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು.

"ಯವ್ವಾ, ನಮ್ಮವ್ವ ಎಲ್ಲಿ ಸಿಕ್ಕಿದ್ಲು ನಿನಗ?"

ಮಸ್ಕಿಯಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಒಂದು ಸಣ್ಣ ಸಂಸ್ಥೆ ಇದೆ. ಬಡವರನ್ನು ಸಿಂಧನೂರಿಗೆ ಕರೆದೊಯ್ದು ಉಚಿತವಾಗಿ ಕಣ್ಣಿನ ಆಪರೇಷನ್ ಮಾಡಿಸುತ್ತಾರೆ. ವಾರವೆಲ್ಲ ಲಿಂಗಸುಗೂರಿನಲ್ಲಿ ಟೀಚರ್ ಆಗಿರುವ ನಾನು, ಭಾನುವಾರ ಇವರ ಬಿಟ್ಟಿ ಫೋಟೋಗ್ರಾಫರ್.

ಕೆಲಸ ಇಷ್ಟೇ... ಆಪರೇಷನ್‌ಗೆ ಮೊದಲು ಒಂದು ಫೋಟೋ, ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಒಂದು. ಎದೆಯ ಮುಂದೆ ನಂಬರ್ ಚೀಟಿ. ಥೇಟ್ ಪೊಲೀಸ್ ಸ್ಟೇಷನ್ನಿನ ಫೋಟೋಗಳೇ, ಏನು ಮಾಡಲಿ!

ಪಾಮನಕಲ್ಲೂರಿನ ಹನುಮವ್ವನಿಗೆ ಕಣ್ಣು ಮಂಜಾಗಿ ಎಷ್ಟೋ ವರ್ಷವಾಗಿತ್ತು. ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳಂತೆ. ಈಗ ಪಟ್ಟಿ ಬಿಚ್ಚಿದ ಮೇಲೆ ತನ್ನದೇ ಮುಖ ನೋಡಿ, ಯಾವತ್ತೋ ತೀರಿಹೋದ ಅವ್ವ ಎನ್ನುತ್ತಿದ್ದಾಳೆ.

"ಅಮ್ಮಾ, ಅದು ನೀನ ಅದಿ" ಎಂದೆ.

"ಗೊತ್ತಾತು ಬಿಡು. ಆದ್ರ ನಮ್ಮವ್ವಂದು ಒಂದೂ ಫೋಟೋ ಇಲ್ಲ. ಈ ಚೀಟಿ ತಗದು ಇನ್ನೊಂದು ಹೊಡಿ. ಆಕಿ ಮುತ್ತೈದಿಯಾಗಿ ಹೋದಾಕಿ, ಹಣಿಗೆ ಕುಂಕುಮ ಬರೂಹಂಗ ಮಾಡು. ಮನ್ಯಾಗ ಇಟ್ಟು ಹಾರ ಹಾಕ್ತೀನಿ."

ಗಂಡ ತೀರಿದ ಮೇಲೆ ಹನುಮವ್ವ ಕುಂಕುಮ ಇಟ್ಟಿಲ್ಲ.

ಜೊತೆಗಿದ್ದ ಸೊಸೆ ಹೌಹಾರಿದಳು. "ಅತ್ತಿ, ಬದುಕಿದ್ದಾಕಿ ಫೋಟೋಕ್ಕ ಹಾರ ಹಾಕ್ತಾರೇನು? ಮಂದಿ ಏನಂದಾರು!"

"ಹಾರ ನನಗಲ್ಲಬೇ, ನಮ್ಮವ್ವಗ."

ಹನುಮವ್ವನನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿ, ಚೀಟಿ ತೆಗೆದು ಇನ್ನೊಂದು ಹೊಡೆದೆ. ಮನೆಗೆ ಬಂದು ಕಂಪ್ಯೂಟರ್ ಮುಂದೆ ಕುಳಿತೆ. ಆ ಬೋಳು ಹಣೆಯ ಮೇಲೆ ಕಾಸಗಲ ಕುಂಕುಮ ಇಟ್ಟೆ... ಅಷ್ಟರಲ್ಲಿ ನನ್ನ ಅವ್ವ ತಡೆಯಲಾರದಷ್ಟು ನೆನಪಾದಳು.

ಅವಳು ಹೋಗಿ ಎರಡು ವರ್ಷ. ಊರವರ ಮದುವೆ, ಕುಬಸ, ನಾಮಕರಣ ಎಲ್ಲ ತೆಗೆದ ನಾನು, ಅವ್ವನನ್ನು ಒಂದು ಸಲವೂ ಹಿಡಿದು ಕೂರಿಸಲಿಲ್ಲ. "ಮೊದಲ ಮಂದೀದು ತಗಿ, ನಾ ಎಲ್ಲಿ ಹೋಗ್ತೀನಿ" ಎನ್ನುತ್ತಿದ್ದಳು. ನಾನೂ ನಂಬಿಬಿಟ್ಟೆ.

ಉಳಿದಿರುವುದು ಆಧಾರ್ ಕಾರ್ಡಿನದೊಂದೇ. ದೊಡ್ಡದು ಮಾಡಿದರೆ ಅವಳ ಮುಖವೇ ಚೂರುಚೂರಾಗುತ್ತದೆ.

ಮುಂದಿನ ಭಾನುವಾರ ತಪಾಸಣೆಗೆ ಬಂದ ಹನುಮವ್ವನಿಗೆ ಆ ಫೋಟೋ ಫ್ರೇಮ್ ಹಾಕಿಸಿ ಕೊಟ್ಟೆ. ಬಹಳ ಹೊತ್ತು ನೋಡಿದಳು, ಸೆರಗಿನಿಂದ ಗಾಜು ಒರೆಸಿದಳು, ಮತ್ತೆ ನೋಡಿದಳು.

ಬಸ್‌ಸ್ಟ್ಯಾಂಡಿನವರೆಗೂ ಕಳಿಸಲು ಹೋದೆ. ಸೊಸೆ ಗೊಣಗುತ್ತಲೇ ಒಂದು ಮೊಳ ಸೇವಂತಿಗೆ ಕೊಂಡಳು.

ವಾಪಸು ಸಂಸ್ಥೆಗೆ ಬಂದು, ಯಾರೂ ಇಲ್ಲದ್ದು ನೋಡಿ, ಅದೇ ಸ್ಟೂಲಿನ ಮೇಲೆ ಕುಳಿತು ನನ್ನದೂ ಒಂದು ಫೋಟೋ ಹೊಡೆದುಕೊಂಡೆ. ಕಣ್ಣು, ಮೂಗು, ಗದ್ದ... ಜೂಮ್ ಮಾಡಿ ಮಾಡಿ ಹುಡುಕಿದೆ.

ಎಲ್ಲ ಅಪ್ಪನದೇ.

ನಿಮ್ಮ ಮುಖದಲ್ಲಾದರೂ ನಿಮ್ಮ ಅವ್ವ ಸಿಗುತ್ತಾಳಾ?