ಹೆಗಲಿಗೆ ಕೊಟ್ಟ ಚುಟಿಗೆ

ಮುಂಬೈ ಸರಕಾರದ ಕಾಲ. ಟೈಫಾಯ್ಡ್ ಎನ್ನುವ ಮುದ್ದತ್ತಿನ ಜ್ವರ ಬಿಟ್ಟಿತೆಂದು ಮನೆಯವರು ಉಸಿರು ಬಿಡುವಷ್ಟರಲ್ಲಿ ನನಗೆ ಮತ್ತೆ ಚಳಿಜ್ವರ ಹತ್ತಿತು. ಈ ಸಲ ಎಡಹೆಗಲು ಕಿತ್ತು ಬೀಳುವಂತೆ ನೋಯುತ್ತಿತ್ತು. ಮುಧೋಳದ ಕಡೆಯ ಕುರುಬರು ನಾವು. ಕುರಿಗಾಗಲಿ ಮನುಷ್ಯನಿಗಾಗಲಿ ನೋವಿದ್ದಲ್ಲಿ ಚುಟಿಗೆ ಕೊಡುವುದು, ಅಂದರೆ ಕಾದ ಕಬ್ಬಿಣದಿಂದ ಸುಡುವುದು, ನಮ್ಮ ವಾಡಿಕೆ. ಕಾಕಾ ನನ್ನ ಕಾಲ ಮೇಲೆ ಕೂತ, ಇಬ್ಬರು ಕೈ ತುಳಿದು ನಿಂತರು. ಅಪ್ಪ ಕೆಂಪಗೆ ಕಾದ ಕುಡಗೋಲನ್ನು ಹೆಗಲಿಗೆ ಒತ್ತಿದ. ನನ್ನದೇ ಚರ್ಮ ಸುಟ್ಟ ಕಮಟು ಮೂಗಿಗೆ ಬಡಿಯಿತು. "ಎದ್ದ ಮ್ಯಾಲ ನಿನ್ನ ಕೊಲ್ಲತೇನಿ," ಎಂದು ಅವನ ಮುಖಕ್ಕೇ ಉಗುಳಿದೆ. ಬಾಯಿಮಾತಲ್ಲ, ಖರೇನೇ ಕೊಲ್ಲಬೇಕೆನಿಸಿತ್ತು.

ಜ್ವರ ಇಳಿಯಲಿಲ್ಲ. ಅವ್ವ ರಂಪ ಮಾಡಿ ಚಕ್ಕಡಿ ಹೂಡಿಸಿ ಜಮಖಂಡಿಯ ದವಾಖಾನೆಗೆ ಸಾಗಿಸಿದಳು. ಅಲ್ಲಿನ ಡಾಕ್ಟರರು ನನ್ನ ಕೈ ಎತ್ತಿಸಿ, ತಿರುಗಿಸಿ ನೋಡಿದರು. ಹೆಗಲಿನ ಕೀಲು ನೆಟ್ಟಗಿತ್ತು. "ಉಸರ ಎಳಕೋ," ಅಂದರು. ಎಳೆದೊಡನೆ ಹೆಗಲಲ್ಲಿ ಸಳಕು ಹೊಡೆಯಿತು. ಆಗ ಅವರು ಎಡಪಕ್ಕೆಯ ಕೆಳಗೆ ಬೆರಳೂರಿದರು. ನೋವು ತಾಳದೆ ಅವರ ಎದೆಗೇ ಒದ್ದೆ. ಪುಣ್ಯಾತ್ಮ ಗೋಡೆಗೆ ಬಡಿದು ನಿಂತು, "ಸಿಕ್ತು ನೋಡ್ರಿ," ಎಂದರು.

"ನೋವು ಹೆಗಲಾಗ, ರೋಗ ಎಡಪಕ್ಕಿ ಒಳಗಿನ ಗುಲ್ಮದಾಗ. ಮೊದಲಿನ ಜ್ವರದ ನಂಜು ಅಲ್ಲಿ ಕೀವಾಗೇತಿ. ಭಾಳ ಅಪರೂಪದ್ದಿದು. ಒಳಗ ಒಡದ್ರ ಉಳಿಯಂಗಿಲ್ಲ, ಇವತ್ತ ಕೊಯ್ಯಬೇಕು."

ಅಪ್ಪ ಚಕ್ಕಡಿಯಿಂದ ಕೊಡಲಿ ತಂದು ಬಾಗಿಲಿಗೆ ಅಡ್ಡ ನಿಂತ. "ನನ್ನ ಮಗನ ಹೊಟ್ಟಿ ಸೀಳಿದ್ರ ನಿಮ್ಮನ್ನೂ ಸೀಳತೇನ್ರಿ."

ಡಾಕ್ಟರರು ಅವನೆದುರೇ ನನ್ನ ಪಕ್ಕೆಗೆ ದಪ್ಪ ಸೂಜಿ ಚುಚ್ಚಿ ಎಳೆದರು. ಪಿಚಕಾರಿಯ ತುಂಬ ಕೀವು ಬಂತು. ಅಪ್ಪ ಅದನ್ನೇ ನೋಡುತ್ತ ಕೊಡಲಿ ಕೆಳಗಿಟ್ಟ. ಮೂಗಿಗೆ ಕ್ಲೋರೋಫಾರ್ಮಿನ ಬಟ್ಟೆ ಒತ್ತಿದಾಗಲೂ ನಾನು ಅವನನ್ನು ಬೈಯುತ್ತಲೇ ಇದ್ದೆನಂತೆ.

ಎಚ್ಚರಾದಾಗ ಪಕ್ಕೆಯಲ್ಲಿ ರಬ್ಬರ್ ನಳಿಕೆ ಇತ್ತು, ಅದರಿಂದ ಇನ್ನೂ ಕೀವು ಇಳಿಯುತ್ತಿತ್ತು. ಪೆನ್ಸಿಲಿನ್ ಚುಚ್ಚಿ ಚುಚ್ಚಿ ಕಡೆಗೂ ಜ್ವರ ಬಿಟ್ಟಿತು. ಅಪ್ಪ ಕಾಲದೆಸೆಗೆ ಕೂತಿದ್ದ.

"ಯಾಕ ಸುಟ್ಟಿ ನನ್ನ? ಕಟಕ ಅದೀ ನೀ," ಎಂದೆ.

ಅಪ್ಪ ಹೇಳಿದ: "ನಿಮ್ಮಣ್ಣ ಸಣ್ಣಾಂವಿದ್ದಾಗ ಜ್ವರದಾಗ ಹೋದ. ಅವಂಗ ಚುಟಿಗಿ ಕೊಡಾಕ ನನಗ ಕೈ ಬರಲಿಲ್ಲ. ಕೊಟ್ಟಿದ್ರ ಉಳೀತಿದ್ದ."



"ಕೊಟ್ಟಿದ್ರೂ ಉಳೀತಿರಲಿಲ್ಲಪ್ಪಾ," ಎಂದೆ.

ಅವನು ತಲೆಗೆ ಸುತ್ತಿದ್ದ ಪಟಗ ಬಿಚ್ಚಿ ಮುಖ ಮುಚ್ಚಿಕೊಂಡು, ದವಾಖಾನೆಯ ಮಂದಿಯೆಲ್ಲ ತಿರುಗಿ ನೋಡುವಂತೆ ಅತ್ತ.