ಕಾದಂಬರಿಯ ಹುಡುಗಿಗೆ ಉಡಿ ತುಂಬಿದ್ದು

ಬನಹಟ್ಟಿಯ ನನ್ನ ಸೋದರತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಟಿವಿ ನೋಡುವಂತಿರಲಿಲ್ಲವಾದ್ದರಿಂದ ನಾನು ದಿನವೂ ಒಂದು ಇಂಗ್ಲಿಷ್ ಕಾದಂಬರಿಯ ಕಥೆ ಹೇಳುತ್ತಿದ್ದೆ. ನಾಜಿಗಳ ಶಿಬಿರದಲ್ಲಿ ಸತ್ತ ಯಹೂದಿ ಹುಡುಗಿಯೊಬ್ಬಳು ಸಾಯದೇ ಉಳಿದಿದ್ದರೆ ಹೇಗೆ ಬದುಕುತ್ತಿದ್ದಳು ಎಂಬ ಕಲ್ಪನೆ ಅದು. ಇಂಥ ಪುಸ್ತಕಗಳ ಮೇಲೆ ನನಗೆ ಸಿಟ್ಟಿತ್ತು. ಕೊಂದವರ ಅಪರಾಧವನ್ನು ಅವು ಹಗುರಾಗಿಸುತ್ತವೆ ಎಂಬುದು ನನ್ನ ವಾದ.

ಹುಡುಗಿಯ ಮದುವೆಯ ಅಧ್ಯಾಯ ಮುಗಿದ ದಿನ ಅತ್ತೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಸಿರು ಕುಪ್ಪಸದ ಖಣ ತಂದಿಟ್ಟಳು. ಖಣ ಹಸಿರೇ ಇತ್ತೆಂದು ಈಗ ಆಣೆ ಮಾಡಲಾರೆ.

"ತವರಮನ್ಯಾಗ ಯಾರೂ ಉಳದಿಲ್ಲ ಅಂದಿ. ಉಡಿ ಯಾರ ತುಂಬತಾರ? ಆಕಿ ಪರವಾಗಿ ನೀ ಸೆರಗಿನಂಗ ಟಾವೆಲ್ ಒಡ್ಡು."

"ಅತ್ತಿ, ಲಗ್ನ ಸುಳ್ಳ ಐತಿ. ಆಕಿ ಸತ್ತಿದ್ದ ಖರೆ."

"ಗೊತ್ತೈತಿ ಬಿಡಲೇ. ಎಲ್ಲಾರೂ ಬದುಕಿದ್ರ ಅವರವ್ವನ ತುಂಬತಿದ್ಲು. ನನಗ್ಯಾಕ ಬರ್ತಿತ್ತು ಈ ಕೆಲಸ?"

ಮೀಸೆ ಹೊತ್ತ ಗಂಡಸಾದ ನಾನು ಟಾವೆಲ್ ಒಡ್ಡಿ ನಿಂತೆ. ಅತ್ತೆ ಐದು ಸಲ ಬೊಗಸೆ ತುಂಬ ಅಕ್ಕಿ ಸುರಿದಳು.

"ಅಲಗ್ಯಾಡಬ್ಯಾಡ, ಚೆಲ್ತೈತಿ" ಎಂದು ಗದರಿದಳು. ಟಾವೆಲಿನ ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದೆ.