ಪೊಡಿಯಬ್ಬ ಕೋಟೆ ನೋಡಿದ ಶುಕ್ರವಾರ

ಅಲ್ ರಯ್ಯಾನ್‌ನ ಈ ದೊಡ್ಡ ಮನೆಯಲ್ಲಿ ಬೆಳಗಿನ ಬಾಂಗ್ ಈಗಷ್ಟೇ ಮುಗಿದಿದೆ. ಪೊಡಿಯಬ್ಬ ಒಂದು ಒಲೆಯಲ್ಲಿ ಹಾಲು ಕಾಯಿಸುತ್ತ, ಇನ್ನೊಂದರಲ್ಲಿ ರೊಟ್ಟಿ ಬೇಯಿಸುತ್ತ, ನನ್ನನ್ನೂ ವಿಚಾರಿಸಿಕೊಳ್ಳುತ್ತಿದ್ದಾರೆ. "ಕೂತ್ಕೊಳ್ಳಿ ಮಾರಾಯ್ರೆ, ನಿಂತು ಎಂತ ಬರೆಯುದು? ಮೊದ್ಲು ಚಾ ಕುಡೀರಿ." ಏಲಕ್ಕಿ ಜೋರಾಗಿರುವ ಚಾ. ನನ್ನ ಅರೆನಿದ್ದೆ ಅಲ್ಲಿಗೆ ಖಲಾಸ್.

ಉಳ್ಳಾಲದ ಇವರು ಕತಾರಿಗೆ ಬಂದು ಹನ್ನೆರಡು ವರ್ಷವಾಯಿತು. ಮೊದಲು ಅಲ್ ಸದ್ದ್‌ನ ಹೋಟೆಲೊಂದರಲ್ಲಿ ಪಾತ್ರೆ ತೊಳೆದರು, ಬೈಗುಳ ತಿಂದರು, ಅಡುಗೆ ಕಲಿತರು. ಈಗ ಈ ಮನೆಯ ಹದಿನೆಂಟು ಮಂದಿಗೆ ಮೂರು ಹೊತ್ತೂ ಅವರದೇ ಕೈರುಚಿ. ವಾರದ ರಜೆ ಹೆಸರಿಗೆ ಮಾತ್ರ, ನೆಂಟರು ಬರುವುದೇ ಶುಕ್ರವಾರ. ಮಗಳು ನುಸೈಬಾಳನ್ನು ಮೊದಲ ಬಾರಿ ನೋಡಿದಾಗ ಅವಳಿಗೆ ಎರಡು ದಾಟಿತ್ತು. "ನನ್ನನ್ನು ಕಂಡು ಒಳಗೆ ಓಡಿದ್ಳು. ಓಡ್ಲಿಕ್ಕೆ ಬರ್ತದಲ್ಲ ಅಂತ ಖುಷಿಪಟ್ಟೆ" ಎನ್ನುತ್ತಾರೆ. ನಗುತ್ತಲೇ ಹೇಳುತ್ತಾರೆ, ಕೇಳಿದ ನನಗೆ ನಗು ಬರುವುದಿಲ್ಲ.

ಪ್ರತಿ ಅಕ್ಟೋಬರಿನಲ್ಲಿ ಯಜಮಾನರ ಮನೆಯವರು ಈಜಿಪ್ತಿನ ಅಲೆಕ್ಸಾಂಡ್ರಿಯಾದಲ್ಲಿ, ಕಡಲಿನೆದುರು ಬಾಡಿಗೆ ಮನೆ ಹಿಡಿಯುತ್ತಾರೆ. ಯಜಮಾನರ ತಾಯಿ ಹಿರಿಯಮ್ಮನಿಗೆ ಪೊಡಿಯಬ್ಬರ ಅಡುಗೆಯೇ ಆಗಬೇಕು, ಹಾಗಾಗಿ ಇವರೂ ವಿಮಾನ ಹತ್ತುತ್ತಾರೆ. ಆದರೆ ನಾಲ್ಕು ಸಲ ಹೋದರೂ ಇವರು ಕಂಡದ್ದು ಅಡುಗೆಕೋಣೆ ಮತ್ತು ಮೀನು ಮಾರ್ಕೆಟ್. ಆ ಮಾರ್ಕೆಟಿಗೆ ಕೂಗಳತೆಯಲ್ಲೇ ಕಡಲಂಚಿನ ಕಾಯತ್‌ಬೇ ಕೋಟೆಯಿದೆ, ಜಗತ್ತಿಗೇ ಹೆಸರಾದ ಪುರಾತನ ದೀಪಸ್ತಂಭವಿದ್ದ ಜಾಗ. ಊರಿನಿಂದ ಹೆಂಡತಿ ನಶೀದಾ ಫೋನಿನಲ್ಲಿ ಪ್ರತಿ ಸಲವೂ ಕೇಳುತ್ತಾರೆ, ಕೋಟೆ ನೋಡಿದ್ರಾ ಅಂತ. ಇಲ್ಲ ಎನ್ನಲು ಪೊಡಿಯಬ್ಬರಿಗೆ ನಾಚಿಕೆ.

"ಕೈಯಲ್ಲಿ ಹಸಿ ಮೀನು ಇಟ್ಕೊಂಡು ಕೋಟೆ ನೋಡ್ಲಿಕ್ಕೆ ಆಗ್ತದಾ? ಹಾಳಾಗ್ತದೆ. ಮನೆಗೇ ಓಡ್ಬೇಕು."

ಈ ವರ್ಷ, 1996ರಲ್ಲಿ, ಗ್ರಹಚಾರ ತಿರುಗಿತು. ಅಲ್ಲಿ ಶರತ್ಕಾಲವೆಂದರೆ ಬೂತಾಯಿ ಮೀನಿನ ಸುಗ್ಗಿ. ಒಂದು ಗುರುವಾರ ಸಂಜೆ ಇವರು ದೊಡ್ಡ ಪಾತ್ರೆ ತುಂಬ ಬೂತಾಯಿ ಪುಳಿಮುಂಚಿ ಮಾಡಿದರು, ಹುಣಸೆಹುಳಿ, ಒಣಮೆಣಸಿನ ಗಟ್ಟಿ ಸಾರು. ಅಷ್ಟರಲ್ಲಿ ಪಕ್ಕದ ಮನೆಯವರು ಎಲ್ಲರನ್ನೂ ಊಟಕ್ಕೆ ಕರೆದೊಯ್ದರು. ಈ ಮನೆಯಲ್ಲಿ ನಿನ್ನೆಯ ಅಡುಗೆ ಇಂದು ಬಡಿಸುವಂತಿಲ್ಲ. ಉಳಿದದ್ದನ್ನು ರಾತ್ರಿಯೇ ಯಾರಿಗಾದರೂ ಕೊಟ್ಟುಬಿಡಬೇಕು. ಕರಾವಳಿಯವರ ಜೀವ ಕೇಳಬೇಕಲ್ಲ.

"ಬೂತಾಯಿ ಸಾರಿಗೆ ರುಚಿ ಬರುದೇ ಮಾರನೇ ದಿನ. ಉಪ್ಪು ಹುಳಿ ಮೀನಿಗೆ ಹಿಡೀಬೇಕಲ್ವಾ? ಕೊಡ್ಲಿಕ್ಕೆ ಮನಸ್ಸಾಗ್ಲಿಲ್ಲ. ಮುಚ್ಚಿಟ್ಟೆ."

ಬೆಳಿಗ್ಗೆ ಬಿಸಿ ಮಾಡುವಾಗ ವಾಸನೆ ಹಿಡಿದು ಹಿರಿಯಮ್ಮನೇ ಅಡುಗೆಕೋಣೆಗೆ ಬಂದರು. ರೊಟ್ಟಿ ಅದ್ದಿ ತಿಂದರು, ಇನ್ನೊಂದು ಹಾಕಿಸಿಕೊಂಡರು. ಆಮೇಲೆ, ಇದನ್ನು ಯಾವಾಗ ಮಾಡಿದೆ ಎಂದು ಕೇಳಿದರು. "ಸುಳ್ಳು ಬಾಯಿಗೆ ಬರ್ಲಿಲ್ಲ. ನಿನ್ನೆ ಅಂದೆ." ಹಿರಿಯಮ್ಮ ಪಾತ್ರೆಯೊಳಗೆ ಇಣುಕಿದರು. ಇಡೀ ಮನೆಗೆ ಸಾಕಾಗುವಷ್ಟಿತ್ತು. ಮಧ್ಯಾಹ್ನದ ಊಟ ಆಗಲೇ ತಯಾರಿರುವಾಗ ಇಲ್ಲಿ ನಿನಗೇನು ಕೆಲಸ, ಯಲ್ಲಾ, ಹೊರಡು, ಹೊರಗೆ ತಿರುಗಾಡಿ ಬಾ ಎಂದರು.

ಪೊಡಿಯಬ್ಬ ನೇರ ಕೋಟೆಗೆ ಹೋದರು. ಹಿತವಾದ ಬಿಸಿಲು, ತಣ್ಣನೆ ಗಾಳಿ, ಗೋಡೆಗೆ ಅಪ್ಪಳಿಸುವ ನೀಲಿ ನೀರು. ಮೇಲಿನ ಕಿಟಕಿಯೊಂದರ ಕಟ್ಟೆಯಲ್ಲಿ ಇಳಿಹೊತ್ತಿನ ಅಸರ್ ಬಾಂಗ್ ಆಗುವವರೆಗೆ ಕೂತಿದ್ದರಂತೆ. "ಎಂತ ಮಾಡಿದ್ರಿ ಅಷ್ಟು ಹೊತ್ತು?" ಎಂದೆ. "ಎಂತ ಇಲ್ಲ. ಯಾರೂ ಪೊಡಿಯಬ್ಬಾ ಅಂತ ಕರೀಲಿಲ್ಲ. ಅದೇ ಒಂದು ಖುಷಿ."

ಸಂಜೆ ಊರಿಗೆ ಫೋನ್ ಮಾಡಿದರು. ನಶೀದಾ ಕೇಳುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟರು. ಆಕೆ ಎಲ್ಲ ಕೇಳಿ, ನನ್ನನ್ನು ಯಾವಾಗ ಕರ್ಕೊಂಡು ಹೋಗ್ತೀರಿ ಎಂದರಂತೆ.

ಕರೆದುಕೊಂಡು ಹೋಗ್ತೀರಾ ಎಂದು ನಾನೂ ಕೇಳುತ್ತೇನೆ. ಪೊಡಿಯಬ್ಬ ರೊಟ್ಟಿ ತಿರುವಿ ಹಾಕುತ್ತಾರೆ.

"ಆಸೆ ಉಂಟು. ಕೋಟೆ ತೋರಿಸಿ, ಅಲ್ಲೇ ಒಂದು ಹೋಟೆಲಿಗೆ ಹೋಗ್ಬೇಕು. ಅವಳೂ ಮಾಡುದು ಬೇಡ, ನಾನೂ ಮಾಡುದು ಬೇಡ. ಬೇರೆಯವ್ರು ಮಾಡಿ ಬಡಿಸ್ಬೇಕು, ನಾವಿಬ್ರು ಕೂತು ಉಣ್ಬೇಕು."